ಅಡಿಸನ್ ಕಾಯಿಲೆ: ದಿನದ ಮಾತ್ರೆ ತಪ್ಪಬಾರದು, ವಾಂತಿಯಾದರೆ ಕಾಯಬಾರದು

ಶಿರಸಿ: ಬಿಸಿಲಿಗೆ ಹೋಗದಿದ್ದರೂ ಮೈ ಕಪ್ಪಾಗ್ತಾ ಬರ್ತದೆ. ಊಟ ಸೇರೋದಿಲ್ಲ, ತೂಕ ಇಳೀತದೆ. ಕೂತು ಎದ್ದರೆ ಕಣ್ಣು ಕತ್ತಲೆ. ಉಪ್ಪಿನಕಾಯಿ ಭರಣಿಯ ರಸವನ್ನೇ ಕುಡಿಯುವಷ್ಟು ಉಪ್ಪಿನ ಆಸೆ. ಇಂಥವರನ್ನು ಕಂಡರೆ ನಮ್ಮ ಕಡೆ ಪಿತ್ತ, ರಕ್ತ ಕಡಿಮೆ, ಟೆನ್ಷನ್ ಅಂತ ಹೇಳೋದೇ ಹೆಚ್ಚು. ಆದರೆ ಈ ನಾಲ್ಕೂ ಒಬ್ಬರಲ್ಲೇ ಸೇರಿದ್ದರೆ ಅದು ಅಡಿಸನ್ ಕಾಯಿಲೆ ಇರಬಹುದು. ಅಪರೂಪದ ಕಾಯಿಲೆ ಹೌದು. ಯುರೋಪ್ ದೇಶಗಳ ಲೆಕ್ಕದಲ್ಲಿ 10 ಲಕ್ಷ ಜನರಲ್ಲಿ ಸುಮಾರು 100ರಿಂದ 140 ಜನರಿಗೆ ಇರ್ತದೆ. ಗೊತ್ತಾದರೆ ಮಾತ್ರೆಯಲ್ಲೇ ಸಾಮಾನ್ಯ ಜೀವನ ನಡೆಸಬಹುದು. ಗೊತ್ತಾಗದೆ ಹೋದರೆ ಒಂದು ಸಾದಾ ಜ್ವರವೂ ಜೀವ ತೆಗೀಬಹುದು.

ಏನಿದು ಕಾಯಿಲೆ?

ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಸಣ್ಣ ಗ್ರಂಥಿಗಳಿವೆ. ಅವೇ ಅಡ್ರಿನಲ್ ಗ್ರಂಥಿಗಳು. ಇವು ಮುಖ್ಯವಾಗಿ ಎರಡು ಹಾರ್ಮೋನ್ ತಯಾರಿಸ್ತವೆ. ಕಾರ್ಟಿಸಾಲ್ ಅನ್ನೋದು ಜ್ವರ, ಪೆಟ್ಟು, ಉಪವಾಸ, ಆಪರೇಷನ್ ಇಂಥ ಹೊಡೆತಗಳನ್ನು ದೇಹ ತಡೆದುಕೊಳ್ಳುವಂತೆ ಮಾಡ್ತದೆ, ರಕ್ತದ ಸಕ್ಕರೆ ಕುಸಿಯದಂತೆ ನೋಡಿಕೊಳ್ತದೆ. ಆಲ್ಡೋಸ್ಟೆರಾನ್ ದೇಹದಲ್ಲಿ ಉಪ್ಪು, ನೀರು ಉಳಿಸ್ತದೆ. ಗ್ರಂಥಿ ಹಾಳಾದಾಗ ಎರಡೂ ನಿಲ್ತವೆ. ಸೋಡಿಯಂ ಇಳೀತದೆ, ಪೊಟ್ಯಾಶಿಯಂ ಏರ್ತದೆ, ಬಿ.ಪಿ. ಬೀಳ್ತದೆ.

ಲಂಡನ್‌ನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಇದನ್ನು ಮೊದಲು ವಿವರಿಸಿದರು, ಅದಕ್ಕೇ ಈ ಹೆಸರು. ಆಗ ಮದ್ದೇ ಇರಲಿಲ್ಲ. ಕಾರ್ಟಿಸೋನ್ ಬಳಕೆಗೆ ಬಂದದ್ದು 1940ರ ದಶಕದ ಕೊನೆಯಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ ಅವರಿಗೆ 1947ರಲ್ಲಿ ಈ ಕಾಯಿಲೆ ಪತ್ತೆಯಾಗಿತ್ತು. ಮದ್ದು ತೆಗೆದುಕೊಳ್ಳುತ್ತಲೇ ಅವರು ದೇಶ ನಡೆಸಿದರು.

ಕಾರಣ ಏನು?

ದೇಹದ ರೋಗನಿರೋಧಕ ಶಕ್ತಿಯೇ ತಪ್ಪಿ ಗ್ರಂಥಿಯ ಮೇಲೆ ತಿರುಗಿ ಬೀಳೋದು ಒಂದು ಕಾರಣ. ಇಂಥವರಲ್ಲಿ ಕೆಲವರಿಗೆ ಥೈರಾಯ್ಡ್ ಅಥವಾ ಇನ್ಸುಲಿನ್ ಬೇಕಾಗುವ ಟೈಪ್ 1 ಸಕ್ಕರೆ ಕಾಯಿಲೆಯೂ ಜೊತೆಗಿರ್ತದೆ. ಎರಡನೇದು ಕ್ಷಯ, ಅಂದರೆ ಟಿ.ಬಿ. ಶ್ವಾಸಕೋಶದ ಟಿ.ಬಿ. ಗ್ರಂಥಿಗೂ ಹರಡಬಹುದು. ಅಡಿಸನ್ ಕಂಡ ರೋಗಿಗಳಲ್ಲೂ ಟಿ.ಬಿ.ಯೇ ದೊಡ್ಡ ಕಾರಣವಾಗಿತ್ತು, ಭಾರತದಲ್ಲಿ ಇವತ್ತಿಗೂ ಅದನ್ನು ಮರೆಯುವಂತಿಲ್ಲ. ಹಿಂದೆ ಟಿ.ಬಿ. ಬಂದು ವಾಸಿಯಾಗಿದ್ದರೆ ಆ ವಿಷಯ ಡಾಕ್ಟರಿಗೆ ಹೇಳಲೇಬೇಕು. ಇದು ಅಂಟುರೋಗ ಅಲ್ಲ. ರೋಗಿಯ ಲೋಟ, ತಟ್ಟೆ ಬೇರೆ ಇಡೋ ಅಗತ್ಯ ಇಲ್ಲ.

ಗುರುತಿಸೋದು ಹೇಗೆ?

ಮೈ ಕಪ್ಪಾಗೋದರಲ್ಲಿ ಒಂದು ವಿಶೇಷ ಇದೆ. ಬಿಸಿಲಿಗೆ ಕಪ್ಪಾದರೆ ಬಟ್ಟೆ ಮುಚ್ಚಿದ ಜಾಗ ಹಾಗೇ ಇರ್ತದೆ. ಅಡಿಸನ್‌ನಲ್ಲಿ ಅಂಗೈ ಗೆರೆ, ಬೆರಳ ಗಂಟು, ಮೊಣಕೈ, ಒಸಡು, ಹಳೆ ಗಾಯದ ಕಲೆ ಇವೂ ಕಪ್ಪಾಗ್ತವೆ. ಗ್ರಂಥಿ ಕೆಲಸ ಮಾಡದಾಗ ಅದನ್ನು ಎಬ್ಬಿಸಲಿಕ್ಕೆ ಮೆದುಳಿನ ಪಿಟ್ಯುಟರಿ ಎ.ಸಿ.ಟಿ.ಎಚ್. ಅನ್ನೋ ಹಾರ್ಮೋನನ್ನು ಹೆಚ್ಚೆಚ್ಚು ಕಳಿಸ್ತದೆ. ಅದೇ ಚರ್ಮದ ಬಣ್ಣವನ್ನೂ ಹೆಚ್ಚಿಸ್ತದೆ.

ಬೆಳಿಗ್ಗೆ 8ರ ಸುಮಾರಿಗೆ ರಕ್ತ ತೆಗೆದು ಕಾರ್ಟಿಸಾಲ್, ಎ.ಸಿ.ಟಿ.ಎಚ್., ಸೋಡಿಯಂ, ಪೊಟ್ಯಾಶಿಯಂ ನೋಡ್ತಾರೆ. ಸಂಶಯ ಉಳಿದರೆ ಎ.ಸಿ.ಟಿ.ಎಚ್. ಇಂಜೆಕ್ಷನ್ ಕೊಟ್ಟು ಕಾರ್ಟಿಸಾಲ್ ಏರ್ತದಾ ಅಂತ ಪರೀಕ್ಷಿಸ್ತಾರೆ. ಇದನ್ನು ನೋಡುವವರು ಹಾರ್ಮೋನ್ ತಜ್ಞರು, ಅಂದರೆ ಎಂಡೋಕ್ರೈನಾಲಜಿಸ್ಟ್. ಮೊದಲು ಊರಿನ ಡಾಕ್ಟರ್ ಅಥವಾ ಶಿರಸಿ ಪಂಡಿತ ಆಸ್ಪತ್ರೆಯ ಫಿಜಿಶಿಯನ್ ಹತ್ತಿರ ತೋರಿಸಿ, ಅಲ್ಲಿಂದ ಪತ್ರ ತೆಗೆದುಕೊಂಡು ಹುಬ್ಬಳ್ಳಿ, ಧಾರವಾಡ, ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೋಗೋದು ಸುಲಭದ ದಾರಿ.

ದಿನದ ಮಾತ್ರೆ

ಇಲ್ಲದ ಹಾರ್ಮೋನನ್ನು ಹೊರಗಿನಿಂದ ತುಂಬೋದೇ ಚಿಕಿತ್ಸೆ. ಹೈಡ್ರೊಕಾರ್ಟಿಸೋನ್ ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 15ರಿಂದ 25 ಮಿ.ಗ್ರಾಂ. ಎರಡು ಅಥವಾ ಮೂರು ಪಾಲು ಮಾಡಿ ಕೊಡ್ತಾರೆ. ದೊಡ್ಡ ಪಾಲು ಬೆಳಿಗ್ಗೆ ಎದ್ದ ಕೂಡಲೇ, ಉಳಿದದ್ದು ಮಧ್ಯಾಹ್ನ, ಸಂಜೆಯೊಳಗೆ. ರಾತ್ರಿ ತಡವಾಗಿ ತೆಗೆದುಕೊಂಡರೆ ನಿದ್ದೆ ಕೆಡ್ತದೆ. ಕೆಲವರಿಗೆ ಇದರ ಬದಲು ಪ್ರೆಡ್ನಿಸೊಲೋನ್ ಬರೆದುಕೊಡ್ತಾರೆ. ಉಪ್ಪು ಹಿಡಿದಿಡಲಿಕ್ಕೆ ಫ್ಲುಡ್ರೊಕಾರ್ಟಿಸೋನ್, ದಿನಕ್ಕೊಮ್ಮೆ, ಬಹಳ ಸಣ್ಣ ಪ್ರಮಾಣ. ಯಾರಿಗೆ ಎಷ್ಟು ಅನ್ನೋದು ಡಾಕ್ಟರೇ ತೀರ್ಮಾನಿಸಬೇಕು.

ಸ್ಟೆರಾಯ್ಡ್ ಅಂದ ಕೂಡಲೇ ಹೆದರಿ ಬಿಡುವವರಿದ್ದಾರೆ. ಇಲ್ಲಿ ಕೊಡೋದು ದೇಹ ತಾನೇ ಮಾಡಿಕೊಳ್ಳಬೇಕಿದ್ದಷ್ಟು ಮಾತ್ರ. ಅಗತ್ಯಕ್ಕಿಂತ ಹೆಚ್ಚು ತಿಂದರೆ ಮುಖ ಊದೋದು, ಎಲುಬು ಸವೆಯೋದು, ಸಕ್ಕರೆ ಏರೋದು ಎಲ್ಲ ನಿಜ. ಸರಿ ಪ್ರಮಾಣದಲ್ಲಿ ಆ ಭಯ ಕಡಿಮೆ. ಹುಷಾರಾಯ್ತು ಅಂತ ಬಿಡೋ ಮಾತ್ರೆ ಇದಲ್ಲ, ಜೀವನಪೂರ್ತಿ ಬೇಕು.

ಜ್ವರ ಬಂದರೆ ಮಾತ್ರೆ ಹೆಚ್ಚಿಸಬೇಕು

ಆರೋಗ್ಯವಂತರ ಗ್ರಂಥಿ ಜ್ವರ ಬಂದಾಗ ತಾನೇ ಹೆಚ್ಚು ಕಾರ್ಟಿಸಾಲ್ ಬಿಡ್ತದೆ. ಅಡಿಸನ್ ಇರುವವರಲ್ಲಿ ಆ ಕೆಲಸವನ್ನೂ ಮಾತ್ರೆಯೇ ಮಾಡಬೇಕು. ಸಾಮಾನ್ಯವಾಗಿ ಡಾಕ್ಟರುಗಳು ಹೇಳಿಕೊಡುವ ಲೆಕ್ಕ ಹೀಗಿದೆ:

• ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದರೆ ಹೈಡ್ರೊಕಾರ್ಟಿಸೋನ್ ಎರಡು ಪಟ್ಟು.
• 39 ಡಿಗ್ರಿ (102.2) ದಾಟಿದರೆ ಮೂರು ಪಟ್ಟು.
• ಜ್ವರ ಬಿಟ್ಟ ಮೇಲೆ ಒಂದೆರಡು ದಿನದಲ್ಲಿ ಹಳೆ ಪ್ರಮಾಣಕ್ಕೆ ವಾಪಸ್.
• ಮಾತ್ರೆ ವಾಂತಿಯಲ್ಲಿ ಹೋದರೆ, ಮತ್ತೆ ಕೊಟ್ಟದ್ದೂ ನಿಲ್ಲದಿದ್ದರೆ, ಇಂಜೆಕ್ಷನ್ ಮತ್ತು ಆಸ್ಪತ್ರೆ. ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ.
• ಹಲ್ಲು ಕೀಳಿಸೋದು, ಆಪರೇಷನ್, ಹೆರಿಗೆ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಬೇಕು.

ಈ ಲೆಕ್ಕವನ್ನು ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಂಡು ಗೋಡೆಗೆ ಅಂಟಿಸಿಡೋದು ಒಳ್ಳೇದು. ಸಿದ್ದಾಪುರ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆ, ಮಳೆಗಾಲದಲ್ಲಿ ಇಲಿ ಜ್ವರದ ಭಯ ಇದ್ದೇ ಇದೆ. ಇಂಥ ಜ್ವರ ಅಡಿಸನ್ ಇರುವವರಿಗೆ ಬಂದರೆ ಮನೆಯಲ್ಲಿ ಕಷಾಯ ಕುಡಿದು ನೋಡುವಷ್ಟು ಸಮಯ ಇರೋದಿಲ್ಲ.

ತುರ್ತು ಸ್ಥಿತಿ: ಅಡ್ರಿನಲ್ ಕ್ರೈಸಿಸ್

ಬಿಡದ ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ತಣ್ಣನೆ ಮೈ, ಗೊಂದಲದ ಮಾತು, ಎಚ್ಚರ ತಪ್ಪೋದು. ಇದನ್ನು ಫುಡ್ ಪಾಯ್ಸನ್ ಅಂತ ತಪ್ಪು ತಿಳಿಯೋದುಂಟು. ಇದಕ್ಕೆ ಮದ್ದು ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್ ಮತ್ತು ಸಲೈನ್. ಇಂಜೆಕ್ಷನ್ನಿನ ಪುಡಿ ಬಾಟಲಿ, ನೀರು, ಸಿರಿಂಜು ಮನೆಯಲ್ಲೇ ಇಟ್ಟುಕೊಂಡು, ತೊಡೆಯ ಹೊರಭಾಗಕ್ಕೆ ಕೊಡೋದನ್ನು ಮನೆಯ ಇಬ್ಬರಾದರೂ ನರ್ಸ್ ಹತ್ತಿರ ಕಲಿತಿರಬೇಕು. ಸಂಶಯ ಇದ್ದರೆ ಕೊಡೋದೇ ಸರಿ. ಒಂದು ಇಂಜೆಕ್ಷನ್ ಹೆಚ್ಚಾದರೆ ತೊಂದರೆ ಆಗೋದಿಲ್ಲ, ತಡವಾದರೆ ಆಗ್ತದೆ. ಕೊಟ್ಟ ಮೇಲೂ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಲೇಬೇಕು.

ನಮ್ಮ ಕಡೆ ಇದು ಇನ್ನೂ ಮುಖ್ಯ. ಹುಲಗೋಳದಂಥ ಊರಿನ ಒಳಗಿನ ಮನೆಯಿಂದ ರಾತ್ರಿ ಮಳೆಯಲ್ಲಿ ಶಿರಸಿ ಮುಟ್ಟೋದೇ ಹೊತ್ತು, ಅಲ್ಲಿಂದ ಹುಬ್ಬಳ್ಳಿ 100 ಕಿ.ಮೀ. ಆಸುಪಾಸು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋ ಕೂಗು 2022ರಲ್ಲಿ ಜೋರಾಗಿದ್ದು ಎಲ್ಲರಿಗೂ ನೆನಪಿದೆ. ಆಸ್ಪತ್ರೆ ಹತ್ತಿರ ಬರುವವರೆಗೆ ಇಂಜೆಕ್ಷನ್ ಮನೆಯಲ್ಲಿರಬೇಕು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, ಅರಬೈಲ್ ಕಡೆ ಗುಡ್ಡ ಕುಸಿದು ರಸ್ತೆ ಬಂದಾಗಿತ್ತು. ಮಳೆಗಾಲಕ್ಕೆ ಮೊದಲೇ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ತಂದಿಟ್ಟರೆ ಪರದಾಟ ತಪ್ಪತದೆ.

ಜೇಬಿನಲ್ಲಿ ಒಂದು ಚೀಟಿ ಇರಲಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಹೀಗೆ ಬರೆದರೆ ಸಾಕು: "ನನಗೆ ಅಡಿಸನ್ ಕಾಯಿಲೆ ಇದೆ. ವಾಂತಿ, ಅಪಘಾತ, ಎಚ್ಚರ ತಪ್ಪಿದ ಸ್ಥಿತಿಯಲ್ಲಿ ತಕ್ಷಣ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಮತ್ತು ಸಲೈನ್ ಕೊಡಿ." ಕೆಳಗೆ ಮನೆಯ ಫೋನ್ ನಂಬರ್.

ಊಟ, ಕೆಲಸ, ಉಪವಾಸ

ಬಿ.ಪಿ. ಇರುವವರಿಗೆ ಉಪ್ಪು ಕಡಿಮೆ ಮಾಡಿ ಅಂತಾರೆ. ಅಡಿಸನ್‌ನಲ್ಲಿ ಉಲ್ಟಾ, ಉಪ್ಪು ಬಿಡಬಾರದು. ಅಡಿಕೆ ಕೊಯ್ಲು, ತೋಟಕ್ಕೆ ಮಣ್ಣು ಹಾಕೋದು, ಮಾರಿಕಾಂಬಾ ಜಾತ್ರೆಯಲ್ಲಿ ದಿನವಿಡೀ ಅಂಗಡಿಯಲ್ಲಿ ನಿಲ್ಲೋದು, ಹೀಗೆ ಬೆವರು ಸುರಿಯುವ ದಿನ ಉಪ್ಪು ಹಾಕಿದ ಮಜ್ಜಿಗೆ, ಅಪ್ಪೆಹುಳಿ ಹೆಚ್ಚಿಗೆ ಕುಡಿಯಬೇಕು. ಸುಸ್ತಾಯ್ತು ಅಂತ ಎಳನೀರಿನ ಮೇಲೆ ಎಳನೀರು ಕೊಡೋದು ಬೇಡ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಏಕಾದಶಿ, ರಂಜಾನ್ ಉಪವಾಸ ಮಾಡೋದಿದ್ದರೆ ಡಾಕ್ಟರನ್ನು ಕೇಳಿಯೇ ಮಾಡಬೇಕು.

ಜ್ಯೇಷ್ಠಮಧು ಹಾಕಿದ ಕಷಾಯ, ಲೇಹ್ಯ ದಿನಾ ತಿಂದರೆ ಈ ಮಾತ್ರೆಗಳ ಪರಿಣಾಮ ಏರಿ ಬಿ.ಪಿ. ಹೆಚ್ಚಾಗಬಹುದು. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫಿನೈಟಾಯಿನ್, ಕಾರ್ಬಮಜೆಪಿನ್ ಇವು ಹೈಡ್ರೊಕಾರ್ಟಿಸೋನ್ ಬೇಗ ಖಾಲಿ ಮಾಡ್ತವೆ. ಆಗ ಪ್ರಮಾಣ ಹೆಚ್ಚಿಸಬೇಕಾಗ್ತದೆ.

ಮೆಡಿಕಲ್ ಅಂಗಡಿಯವರಿಗೆ

ಫ್ಲುಡ್ರೊಕಾರ್ಟಿಸೋನ್ ದಿನಾ ಕೇಳಿ ಬರುವ ಮಾತ್ರೆ ಅಲ್ಲ. ಒಬ್ಬ ಕಾಯಂ ಗಿರಾಕಿ ಇದ್ದರೂ ಸ್ಟಾಕ್ ಮುಗಿಯುವ ಮೊದಲೇ ತರಿಸಿಟ್ಟರೆ ದೊಡ್ಡ ಉಪಕಾರ. ಚೀಟಿಯಲ್ಲಿ ಹೈಡ್ರೊಕಾರ್ಟಿಸೋನ್ ಮಾತ್ರೆ ಇದ್ದರೆ ಅದೇ ಹೆಸರಿನ ಮುಲಾಮು ಕೊಡಬಾರದು.

ಇನ್ನೊಂದು ವಿಷಯ. ಗಂಟುನೋವು, ದಮ್ಮಿಗೆ ಅಂತ ಚೀಟಿ ಇಲ್ಲದೆ ತಿಂಗಳುಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗುವವರು ಎಲ್ಲ ಊರಲ್ಲೂ ಇದ್ದಾರೆ. ಹೆಸರಿಲ್ಲದ ನೋವಿನ ಪುಡಿಗಳಲ್ಲೂ ಸ್ಟೆರಾಯ್ಡ್ ಬೆರೆತಿರಬಹುದು. ಇಂಥವರ ಗ್ರಂಥಿ ಕೆಲಸ ಮರೆತು ಮಲಗಿರ್ತದೆ. ಒಮ್ಮೆಲೇ ಬಿಟ್ಟರೆ ಅಡಿಸನ್ ರೋಗಿಯಂತೆಯೇ ಕುಸಿದು ಬೀಳಬಹುದು, ಆದರೆ ಮೈ ಕಪ್ಪಾಗಿರೋದಿಲ್ಲ. ಡಾಕ್ಟರ್ ಹೇಳಿದಂತೆ ನಿಧಾನಕ್ಕೆ ಇಳಿಸಿಯೇ ಬಿಡಬೇಕು.

ಮನೆಯವರು ಇಷ್ಟು ನೆನಪಿಡಲಿ

ಮಾತ್ರೆ ಒಂದು ದಿನವೂ ತಪ್ಪಬಾರದು. ಜ್ವರಕ್ಕೆ ಹೆಚ್ಚಿಸಬೇಕು. ವಾಂತಿಗೆ ಇಂಜೆಕ್ಷನ್, ಆಮೇಲೆ ಆಸ್ಪತ್ರೆ. ಚೀಟಿ ಯಾವಾಗಲೂ ಜೇಬಲ್ಲಿ. ಇಷ್ಟು ಪಾಲಿಸಿದರೆ ಅಡಿಸನ್ ಇರುವವರು ತೋಟಕ್ಕೂ ಹೋಗಬಹುದು, ಅಂಗಡಿಯನ್ನೂ ನಡೆಸಬಹುದು, ಮದುವೆ, ಮಕ್ಕಳು ಯಾವುದಕ್ಕೂ ಅಡ್ಡಿ ಇಲ್ಲ.