ಭಿಡೆ ವಾಡೆಯ ಪಾಳು ಗೋಡೆಗಳು

ಪುಣೆಯ ಬುಧವಾರ ಪೇಟೆಯಲ್ಲಿ, ದಗಡೂಶೇಟ್ ಗಣಪತಿ ಗುಡಿಯ ಎದುರಿಗೆ ಒಂದು ಹಳೇ ಮನೆ ಇತ್ತು. ಅದೇ ಭಿಡೆ ವಾಡೆ. ಗುಡಿಗೆ ಬಂದು ಸಾಲು ನಿಲ್ಲುವ ಸಾವಿರಾರು ಜನರಲ್ಲಿ ಅದೇನು ಕಟ್ಟಡ ಎಂದು ಹಿಂದಿರುಗಿ ನೋಡಿದವರೆಷ್ಟು ಮಂದಿ? ಬೀದಿಗೆ ಮುಖಮಾಡಿ ಅಂಗಡಿಗಳು. ಒಳಗೆ, ಮೇಲೆ, ಕುಸಿದ ಮಾಡು, ಉದುರಿದ ಗಾರೆ.

1848ರಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು ಇಲ್ಲೇ. ದೇಶಕ್ಕೇ ಮೊದಲನೆಯದು ಅಂತ ಹೇಳುವವರಿದ್ದಾರೆ. ಮಿಷನರಿಗಳ ಹೆಣ್ಣುಶಾಲೆಗಳು ಮುಂಚೆಯೇ ಇದ್ದವು. ಆ ಜಗಳ ನಮಗೆ ಬೇಡ. ಹೂವು ಮಾರುವ ಮಾಲಿ ಜಾತಿಯ ದಂಪತಿ ಯಾರಪ್ಪಣೆಯನ್ನೂ ಕೇಳದೆ ಹೆಣ್ಣುಮಕ್ಕಳ ಕೈಗೆ ಅಕ್ಷರ ಕೊಟ್ಟರಲ್ಲ, ಅದು ಮುಖ್ಯ. ಮನೆ ಕೊಟ್ಟ ತಾತ್ಯಾಸಾಹೇಬ ಭಿಡೆ ಬ್ರಾಹ್ಮಣರು. ಅದನ್ನು ಮುಚ್ಚಿಡುವ ಅಗತ್ಯವೂ ನಮಗಿಲ್ಲ.

ಪೇಶ್ವೆಗಳ ಊರಿನ ಪುರೋಹಿತಶಾಹಿ ಸುಮ್ಮನಿರಲಿಲ್ಲ. 17ರ ಹರೆಯದ ಸಾವಿತ್ರಿಬಾಯಿ ಪಾಠ ಹೇಳಲು ಹೊರಟರೆ ಕೆಸರು, ಸಗಣಿ ಎರಚಿದರು. ಆಕೆ ಇನ್ನೊಂದು ಸೀರೆ ಜೊತೆಗೇ ಒಯ್ಯುತ್ತಿದ್ದರಂತೆ. ಜೋತಿಬಾರ ತಂದೆ ಮಗ-ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದರು. ಆಸರೆ ಕೊಟ್ಟವರು ಉಸ್ಮಾನ್ ಶೇಖ್. ಶಾಲೆ ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಸೋತರಾ? 1851ರ ಜುಲೈಯಲ್ಲಿ ಅದೇ ಪೇಟೆಯ ಚಿಪಳೂಣಕರ ವಾಡೆಯಲ್ಲಿ ಮತ್ತೆ ಶುರು. ಆಮೇಲೆ ರಾಸ್ತೆ ಪೇಟೆ, ವೇತಾಳ ಪೇಟೆ. ಅಸ್ಪೃಶ್ಯರಾದ ಮಹಾರ್-ಮಾಂಗರ ಮಕ್ಕಳಿಗೂ ಶಾಲೆ.

ಭಿಡೆ ವಾಡೆ ಮಾತ್ರ ಅಂಗಡಿಗಳ ಹಿಂದೆ ಕೊಳೆಯುತ್ತಾ ಬಿತ್ತು. ಪೇಶ್ವೆಗಳ ಶನಿವಾರ ವಾಡೆಗೆ ಕಾವಲುಂಟು, ಟಿಕೀಟುಂಟು. ಶೂದ್ರರ ಶಾಲೆಗೆ ಕೋರ್ಟು ಕಚೇರಿ. ಸ್ಮಾರಕ ಮಾಡುತ್ತೇವೆಂದು ಹೊರಟ ನಗರಪಾಲಿಕೆಗೂ ಒಳಗಿದ್ದವರಿಗೂ ವರ್ಷಾನುಗಟ್ಟಲೆ ವ್ಯಾಜ್ಯ ನಡೆಯಿತು. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪಾಲಿಕೆಯ ಪರ ನಿಂತಿತು. ಡಿಸೆಂಬರ್ 4ರ ರಾತ್ರಿ ಪೊಲೀಸ್ ಕಾವಲಿನಲ್ಲಿ ಯಂತ್ರ ತಂದು ಕೆಡವಿದರು. 2024ರ ಸೆಪ್ಟೆಂಬರಿನಲ್ಲಿ ಸ್ಮಾರಕಕ್ಕೆ ಶಂಕುಸ್ಥಾಪನೆ. ಸ್ಮಾರಕವಾಗಲಿ, ಬೇಡ ಅನ್ನೋರು ನಾವಲ್ಲ. ಆದರೆ ಗೋಡೆ ನಿಂತಿದ್ದಾಗ ಒಂದು ಮಾಡು ಹೊದಿಸಲಾರದವರು, ಬಿದ್ದ ಮೇಲೆ ಕಲ್ಲು ನೆಟ್ಟು ಹಾರ ಹಾಕಿಸಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೇಷ್ಟ್ರುಗಳಿಗೆ ಒಂದು ಮಾತು. ಆ ಇಟ್ಟಿಗೆಗಿಂತ ಗಟ್ಟಿಯಾದದ್ದೊಂದು ಉಳಿದಿದೆ. ಫುಲೆಯವರ ಶಾಲೆಯಲ್ಲಿ ಕಲಿತ ಮಾಂಗರ ಹುಡುಗಿ ಮುಕ್ತಾಬಾಯಿ, ಹದಿಹರೆಯ ದಾಟುವ ಮೊದಲೇ, ಮಾಂಗ್-ಮಹಾರರ ದುಃಖ ಕುರಿತು ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಬ್ರಾಹ್ಮಣರದ್ದೇ ಆದರೆ ನಮ್ಮ ಧರ್ಮ ಯಾವುದು ಎಂದು ಆಕೆ ದೇವರನ್ನೇ ಕೇಳುತ್ತಾಳೆ. ಹೆರಿಗೆಯ ಹೊತ್ತಿಗೂ ತಮ್ಮ ಹೆಂಗಸರ ತಲೆಯ ಮೇಲೆ ಮಾಡಿಲ್ಲ, ಮಳೆ-ಚಳಿಗೆ ನಡುಗುತ್ತಾರೆ ಎಂದು ಬರೆಯುತ್ತಾಳೆ. ನಿಮ್ಮ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತ ಕೇರಿಯ ಹುಡುಗಿಗೆ ಇದನ್ನು ಓದಿ ಹೇಳಿ.