ಕೊಡಗಿನಲ್ಲಿ ಪುನಶ್ಚೇತನ ಚಿಕಿತ್ಸೆಯ ಪೂರ್ವೋತ್ತರ

ಕೊಡಗು ನಾಡಿಗೆ ವೈದ್ಯವು ಹೊಸತಲ್ಲ. ಮುರಿದ ಎಲುಬಿಗೆ ಬಿದಿರಿನ ದಬ್ಬೆ ಕಟ್ಟಿ ಕೂಡಿಸುವವರೂ, ಉಳುಕಿದ ಕೀಲಿಗೆ ಎಣ್ಣೆ ನೀವಿ ಸರಿಪಡಿಸುವವರೂ ಹಿಂದಿನಿಂದಲೂ ಇದ್ದರು. ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸವನ್ನುಣ್ಣುವ ಪದ್ಧತಿಯು ಇಂದಿಗೂ ಉಂಟು. ಆದರೆ ಕುಡಿಯುವುದಕ್ಕೂ ಹಚ್ಚುವುದಕ್ಕೂ ಬಾರದ ಮದ್ದೊಂದಿರುವುದು. ಅದು ಅಭ್ಯಾಸವೆಂಬ ಮದ್ದು. ಪಾರ್ಶ್ವವಾಯು ಬಡಿದವನ ಕೈಯನ್ನು ದಿನದಿನವೂ ಆಡಿಸದಿದ್ದರೆ ಕೀಲುಗಳು ಬಿಗಿದುಕೊಳ್ಳುವುವು. ಬೆನ್ನುಹುರಿ ಕೆಟ್ಟು ಮಲಗಿದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮೈ ಹುಣ್ಣಾಗುವುದು. ಮಾತು ಬಿದ್ದುಹೋದವನಿಗೆ ಮಾತನ್ನು ಮರಳಿ ಕಲಿಸಬೇಕಾಗುವುದು. ಗಾಯ ಮಾಯ್ದ ಬಳಿಕ ನಡೆಯತಕ್ಕ ಇಂತಹ ಕಾರ್ಯವೇ ಪುನಶ್ಚೇತನ ಚಿಕಿತ್ಸೆಯೆನಿಸಿರುವುದು.

ಈ ವಿದ್ಯೆಯು ನಮ್ಮ ದೇಶದಲ್ಲಿ ವ್ಯವಸ್ಥಿತ ರೂಪಕ್ಕೆ ಬಂದುದು ಬಹುಮಟ್ಟಿಗೆ ಯುದ್ಧದ ದೆಸೆಯಿಂದ. ಮೊದಲನೆಯ ಮಹಾಯುದ್ಧದಲ್ಲಿ ಅಂಗಹೀನರಾದ ಭಾರತೀಯ ಸಿಪಾಯಿಗಳಿಗೆ ಕಸುಬು ಕಲಿಸುವುದಕ್ಕಾಗಿ 1917ರಲ್ಲಿ ಮುಂಬಯಿಯಲ್ಲಿ ಕ್ವೀನ್ ಮೇರಿ ಶಾಲೆಯು ಸ್ಥಾಪಿತವಾಗಿ, ಕೆಲವು ವರ್ಷಗಳ ತರುವಾಯ ಪುಣೆಯ ಬಳಿಯ ಖಡಕಿಗೆ ವರ್ಗವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಪುಣೆಯಲ್ಲಿಯೇ ಕೃತಕಾಂಗ ಕೇಂದ್ರವು ತೆರೆಯಲ್ಪಟ್ಟಿತು. ಸೈನ್ಯಕ್ಕೆ ಮಕ್ಕಳನ್ನು ಕೊಡುವುದರಲ್ಲಿ ಕೊಡಗು ಎಂದೂ ಹಿಂದುಳಿದುದಲ್ಲ. 1949ರಲ್ಲಿ ದೇಶದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು ಈ ನೆಲದವರೇ. ಆದರೆ ಕಾಲು ಕಳೆದುಕೊಂಡ ಯೋಧನಿಗೆ ಕೃತಕ ಕಾಲು ಪುಣೆಯಲ್ಲಿ ದೊರೆತರೂ, ಆ ಕಾಲಿನಿಂದ ಅವನು ಏರಬೇಕಾದುದು ಕೊಡಗಿನ ಬೆಟ್ಟವನ್ನು. ಸಮತಟ್ಟಾದ ನೆಲದ ಮೇಲೆ ಕಲಿತ ನಡಿಗೆಯು ಮಳೆಗಾಲದ ಪಾಚಿ ಹಿಡಿದ ಮೆಟ್ಟಿಲಿನ ಮೇಲೆ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾದುದಿಲ್ಲ.

ಸೈನಿಕರ ಪಾಲಿಗಿದ್ದ ಈ ಸೌಕರ್ಯವು ಸಾಮಾನ್ಯ ಜನರಿಗೆ ಒದಗಿದುದು ಸ್ವಾತಂತ್ರ್ಯದ ಅನಂತರವೇ. 1950ರ ದಶಕದ ಆದಿಯಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ಚಿಕಿತ್ಸೆಯ ಶಿಕ್ಷಣವು ಮೊದಲಾಯಿತು; ಪೋಲಿಯೋದಿಂದ ಕಾಲು ಸೋತ ಮಕ್ಕಳ ದುಃಸ್ಥಿತಿಯು ಅದಕ್ಕೆ ಮುಖ್ಯ ಪ್ರೇರಣೆಯಾಗಿದ್ದಿತು. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸರ ಚರಿತ್ರೆಯಂತೂ ಸ್ಮರಣೀಯವಾದುದು. 1954ರ ಅಪಘಾತವೊಂದರಲ್ಲಿ ಸೊಂಟದ ಕೆಳಗಿನ ಶಕ್ತಿಯನ್ನು ಕಳೆದುಕೊಂಡ ಆ ಮಹಿಳೆಯು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಪುನಶ್ಚೇತನ ಸಂಸ್ಥೆಯು ಆರಂಭವಾದುದು ಅವರ ಶ್ರಮದಿಂದ. ಅದಕ್ಕೆ ಒಂದು ವರ್ಷ ಮೊದಲು ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆಯು ಹುಟ್ಟಿತು. 1956ರಲ್ಲಿ ಮೈಸೂರು ರಾಜ್ಯದೊಡನೆ ಕೂಡಿದ್ದ ಕೊಡಗಿಗೆ ಇದು ಸಮೀಪದ ಆಸರೆಯಾಯಿತು. ಸಮೀಪವೆಂದರೂ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್.

ಇಲ್ಲಿಯೇ ಮುಖ್ಯ ತೊಡಕು ಇರುವುದು. ಶಸ್ತ್ರಚಿಕಿತ್ಸೆಗೆ ಒಮ್ಮೆ ಘಟ್ಟವಿಳಿದು ಹೋಗಿ ಬರಬಹುದು. ಅಭ್ಯಾಸಕ್ಕೆ ದಿನವೂ ಹೋಗಲಾಗದು. ಕಾಳುಮೆಣಸು ಬಿಡಿಸುವಾಗ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ ಕೂಲಿಯವನು ದೊಡ್ಡ ಆಸ್ಪತ್ರೆಯಿಂದ ಬದುಕಿ ಹಿಂದಿರುಗಿದರೂ, ಲೈನ್‌ಮನೆಯ ಒಂದೇ ಕೋಣೆಯಲ್ಲಿ ಅವನನ್ನು ನೋಡಿಕೊಳ್ಳತಕ್ಕ ಹೆಂಡತಿಯು ಕೂಲಿ ಬಿಟ್ಟರೆ ಊಟವಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು ಕಾರ್ಮಿಕರಿಗೆ ವೈದ್ಯಸೌಕರ್ಯ ಒದಗಿಸುವುದು ತೋಟದ ಒಡೆಯರ ಹೊಣೆಯೆಂದು ವಿಧಿಸಿತು. ಆದರೆ ಜ್ವರಕ್ಕೆ ಗುಳಿಗೆ ಕೊಡುವುದು ಬೇರೆ, ಆರು ತಿಂಗಳು ಒಬ್ಬನ ಕೈಹಿಡಿದು ನಡೆಸುವುದು ಬೇರೆ. ಚಿಕಿತ್ಸೆಗಳಲ್ಲೆಲ್ಲಾ ರೋಗಿಯ ಮನೆಗೆ ಅತ್ಯಂತ ಹತ್ತಿರವಿರಬೇಕಾದುದು ಇದೇ. ಕೊಡಗಿಗೆ ಕಡೆಯಲ್ಲಿ ಬಂದುದೂ ಇದೇ.

ಈಚೆಗೆ ಕೆಲವು ಬಾಗಿಲುಗಳು ತೆರೆದಿವೆ. ಸುಂಟಿಕೊಪ್ಪದಲ್ಲಿ ಕೊಡಗು ಪ್ರತಿಷ್ಠಾನದ ‘ಸ್ವಸ್ಥ’ ಕೇಂದ್ರವು ವಿಶೇಷ ಚೇತನರಾದ ಮಕ್ಕಳಿಗೆ ಶಿಕ್ಷಣವನ್ನೂ ಪುನಶ್ಚೇತನವನ್ನೂ ಒಟ್ಟಿಗೆ ಕೊಡುತ್ತ ಬಂದಿರುವುದು. 2016ರಲ್ಲಿ ಮಡಿಕೇರಿಯಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾಗಿ ಜಿಲ್ಲಾಸ್ಪತ್ರೆಯು ಅದರೊಡನೆ ಕೂಡಿತು. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯಿದೆಯು, ಹಿಂದೆ 7 ಬಗೆಯೆಂದು ಎಣಿಸುತ್ತಿದ್ದ ವೈಕಲ್ಯಗಳನ್ನು 21 ಬಗೆಯೆಂದು ಒಪ್ಪಿ, ಪುನಶ್ಚೇತನವನ್ನು ದಾನದ ಸಾಲಿನಿಂದ ಹಕ್ಕಿನ ಸಾಲಿಗೆ ತಂದಿತು. 2010-11ರಲ್ಲಿ ಮೊದಲಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಯೋಜನೆಯಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಅಂಗಸಾಧನೆಯ ಏರ್ಪಾಡನ್ನೂ, ಹಾಸಿಗೆ ಹಿಡಿದವರ ಮನೆಗೇ ಹೋಗತಕ್ಕ ಕಾರ್ಯಕರ್ತನನ್ನೂ ವಿಧಿಸಿರುವುದು. ಬರಹದ ಈ ವಿಧಿಯು ತೋಟದ ಕಾಲುದಾರಿಯನ್ನು ಹತ್ತಿದಾಗಲೇ ಅದರ ಬೆಲೆ ತಿಳಿಯುವುದು.

ಮನೆಗೆ ಬಂದವನ ಕೈಯಲ್ಲಿ ದೊಡ್ಡ ಯಂತ್ರವೇನೂ ಇರಬೇಕಾಗಿಲ್ಲ. ಅಂಗಳದ ಅಂಚಿಗೆ ಎರಡು ಬಿದಿರುಗಳನ್ನು ಸೊಂಟದೆತ್ತರಕ್ಕೆ ಕಟ್ಟಿದರೆ ನಡಿಗೆ ಕಲಿಯುವ ಆಧಾರವಾಯಿತು. ಜಗಲಿಯ ಮೆಟ್ಟಿಲೇ ಏರಿಳಿಯುವ ಸಾಧನೆಯಾಯಿತು. ಕಾಫಿ ಬೀಜವನ್ನು ಒಂದು ಮೊರದಿಂದ ಇನ್ನೊಂದಕ್ಕೆ ಎಣಿಸಿ ಹಾಕುವುದೇ ಸೋತ ಬೆರಳುಗಳಿಗೆ ವ್ಯಾಯಾಮವಾಯಿತು. ಯಾವ ಬೆರಳು ಎಷ್ಟು ಬಾಗಬೇಕು, ಎಲ್ಲಿ ನೋವು ಕಂಡರೆ ನಿಲ್ಲಿಸಬೇಕು ಎಂಬುದನ್ನು ಮನೆಯವರಿಗೆ ತೋರಿಸಿಕೊಟ್ಟು, ಮುಂದಿನ ವಾರ ಮತ್ತೆ ಬಂದು ನೋಡುವ ಒಬ್ಬನು ಬೇಕು.