ಬಾಲವನದ ಅಂಚೆ: ಶಿವರಾಮ ಕಾರಂತರೂ ಅವರ ಬಾಲವಾಚಕರೂ

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದವರು ಕವಿಗಳ ಕಾಲದೇಶಗಳ ನಿರ್ಣಯಕ್ಕಾಗಿ ಬಹಳ ಶ್ರಮವಹಿಸಿದ್ದಾರೆ. ಗ್ರಂಥಗಳ ಪಾಠಾಂತರಗಳನ್ನು ಶೋಧಿಸಿದ್ದಾರೆ. ಆದರೆ ಆ ಗ್ರಂಥಗಳನ್ನು ಓದಿದವರು ಯಾರು, ಓದಿ ಏನೆಂದುಕೊಂಡರು ಎಂಬ ಪ್ರಶ್ನೆ ಎದ್ದಾಗ ನಮ್ಮ ಚರಿತ್ರಕಾರರು ಸಾಮಾನ್ಯವಾಗಿ ಮೌನ ತಾಳುತ್ತಾರೆ. ಓದುಗರು ಮಕ್ಕಳಾಗಿದ್ದರಂತೂ ಆ ಮೌನ ಸಂಪೂರ್ಣವಾಗುತ್ತದೆ. ಮಕ್ಕಳ ಸಾಹಿತ್ಯವನ್ನು ಕುರಿತು ನಾವು ಬರೆಯುವುದೆಲ್ಲ ಹಿರಿಯರು ಮಕ್ಕಳಿಗಾಗಿ ಏನು ಮಾಡಿದರೆಂಬ ವೃತ್ತಾಂತವೇ ಹೊರತು ಮಕ್ಕಳು ಅದಕ್ಕೆ ಏನು ಉತ್ತರ ಕೊಟ್ಟರೆಂಬುದು ಅದರಲ್ಲಿ ಬರುವುದಿಲ್ಲ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಬಲ್ಲ ಒಂದು ಪ್ರಸಂಗವನ್ನು: ಕೋಟ ಶಿವರಾಮ ಕಾರಂತರಿಗೂ (1902–1997) ಅವರನ್ನು ‘ಕಾರಂತಜ್ಜ’ ಎಂದು ಕರೆದ ಬಾಲವಾಚಕರಿಗೂ ನಡುವೆ ನಡೆದ ಪತ್ರವ್ಯವಹಾರವನ್ನು.

ಈ ವಿಷಯವನ್ನು ನಾವು ಕಾರಂತರ ಮೇಜಿನ ಕಡೆಯಿಂದ ನೋಡದೆ, ಅರಕಲಗೂಡು ತಾಲ್ಲೂಕಿನ ಕೊಣನೂರಿನಂಥ ಊರಿನ ಕಡೆಯಿಂದ ನೋಡಬಯಸುತ್ತೇವೆ. ಪತ್ರಕ್ಕೆ ಎರಡು ತುದಿಗಳಿರುತ್ತವೆ. ಒಂದು ತುದಿಯಾದ ಪುತ್ತೂರು, ಸಾಲಿಗ್ರಾಮಗಳನ್ನು ಕುರಿತು ಬಹಳಷ್ಟು ಬರೆಯಲಾಗಿದೆ. ಇನ್ನೊಂದು ತುದಿಯಲ್ಲಿ ಕಾವೇರಿಯ ದಂಡೆಯ ಈ ಹೋಬಳಿ ಕೇಂದ್ರದಂಥ ನೂರಾರು ಊರುಗಳಿವೆ. ಹಾಸನದ ಸೀಮೆಗೆ ನಗೆಬರಹ ಹೊಸದಲ್ಲ. ಹೇಮಾವತಿಯ ದಂಡೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು (1904–1991) ‘ಹಳ್ಳಿಯ ಚಿತ್ರಗಳು’ ಎಂಬ ಪುಸ್ತಕವನ್ನು 1930ರಲ್ಲಿಯೇ ಪ್ರಕಟಿಸಿ, ನೆರೆಹೊರೆಯವರನ್ನು ನೋಯಿಸದೆ ನಗಿಸುವ ದಾರಿಯನ್ನು ತೋರಿಸಿದ್ದರು. ಆದರೆ ಗೊರೂರರ ಹಾಸ್ಯ ಮುಖ್ಯವಾಗಿ ಬೆಳೆದವರ ಹಾಸ್ಯ. ಮಗುವೊಂದು ಗ್ರಂಥಕರ್ತನಿಗೆ ನೇರವಾಗಿ ಕಾಗದ ಬರೆದು ಉತ್ತರ ಪಡೆಯಬೇಕಾದರೆ ಬೇರೆ ಕೆಲವು ಅನುಕೂಲಗಳು ಒದಗಬೇಕಾಗಿದ್ದುವು.

ಅವುಗಳಲ್ಲಿ ಮೊದಲನೆಯದು ಅಂಚೆ. ಮೈಸೂರು ಸಂಸ್ಥಾನಕ್ಕೆ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಸ್ವಂತ ಅಂಚೆಯಿತ್ತು. ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋದದ್ದು 1889ರಲ್ಲಿ. ಅದಕ್ಕೆ ಹತ್ತು ವರ್ಷ ಹಿಂದೆ, 1879ರಲ್ಲಿ, ಕಾಲಾಣೆಯ ಅಂಚೆ ಕಾರ್ಡು ಬಳಕೆಗೆ ಬಂದಿತ್ತು. ಈ ಕಾರ್ಡು ನಮ್ಮ ಸಾಕ್ಷರತೆಯ ಚರಿತ್ರೆಯಲ್ಲಿ ಪಠ್ಯಪುಸ್ತಕದಷ್ಟೇ ಮುಖ್ಯವಾದ ವಸ್ತುವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಲಕೋಟೆ ಬೇಡ, ಹೆಚ್ಚು ಮಾತು ಬೇಡ. ಬರೆದದ್ದನ್ನು ಪೋಸ್ಟಮಾಸ್ತರರಿಂದ ಹಿಡಿದು ಮನೆಯವರೆಲ್ಲರೂ ಓದಬಹುದಾದ್ದರಿಂದ ಗುಟ್ಟೂ ಬೇಡ. ಎಂಟು ಹತ್ತು ವಾಕ್ಯಗಳಲ್ಲಿ ಮುಗಿಯಬೇಕಾದ ಬರಹ ಮಕ್ಕಳ ಅಳತೆಗೆ ಹೊಂದುವಂಥದು. 1949ರಲ್ಲಿ ಕನ್ನಡದಲ್ಲಿ ಹೊರಟ ‘ಚಂದಮಾಮ’ವು ಎರಡು ಭಾವಚಿತ್ರಗಳಿಗೆ ತಕ್ಕ ಮಾತನ್ನು ಕಾರ್ಡಿನಲ್ಲಿ ಬರೆದು ಕಳುಹಿಸುವ ಸ್ಪರ್ಧೆಯನ್ನು ನಡೆಸಿ, ಹಳ್ಳಿಯ ಮಕ್ಕಳಿಗೂ ದೂರದ ಪತ್ರಿಕಾಲಯದ ವಿಳಾಸವನ್ನು ಬಾಯಿಪಾಠ ಮಾಡಿಸಿತು. ಆದರೆ ಅದು ಸ್ಪರ್ಧೆ. ಅಲ್ಲಿ ಉತ್ತರ ಬರೆಯುವ ವ್ಯಕ್ತಿಯೊಬ್ಬರಿರಲಿಲ್ಲ.

ಎರಡನೆಯ ಅನುಕೂಲ, ಮಕ್ಕಳನ್ನು ನಗಿಸಬಲ್ಲ ಗದ್ಯಪದ್ಯ. ಪಂಜೆ ಮಂಗೇಶರಾಯರು (1874–1937) ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ ಈ ಕೆಲಸಕ್ಕೆ ಅಡಿಗಲ್ಲಿಟ್ಟರು. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು ಹಳೆಯ ಮೈಸೂರಿನ ಶಾಲೆಗಳಲ್ಲಿ ಮನೆಮಾತಾದುವು. ನಾ. ಕಸ್ತೂರಿಯವರು ಲೂಯಿ ಕ್ಯಾರಲ್‌ನ ‘ಆಲಿಸ್’ ಕಥೆಯನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ತಂದರು. ಆಲಿಸ್ ಪಾಪಚ್ಚಿಯಾದದ್ದು ಕೇವಲ ಹೆಸರಿನ ಬದಲಾವಣೆಯಲ್ಲವೆಂಬುದು ಆ ಪುಸ್ತಕವನ್ನು ಓದಿದವರಿಗೆಲ್ಲ ತಿಳಿದದ್ದೇ.

ಕ್ಯಾರಲ್‌ನ ಹೆಸರು ಬಂದುದರಿಂದ ಇಲ್ಲಿ ಒಂದು ಮಾತು ಹೇಳುವುದು ಅಪ್ರಸ್ತುತವಾಗಲಾರದು. ಆಕ್ಸ್‌ಫರ್ಡಿನಲ್ಲಿ ಗಣಿತದ ಉಪಾಧ್ಯಾಯನಾಗಿದ್ದ ಈತ 1861ರಿಂದ 1898ರಲ್ಲಿ ತೀರಿಕೊಳ್ಳುವವರೆಗೆ ತಾನು ಬರೆದ ಮತ್ತು ತನಗೆ ಬಂದ ಕಾಗದಗಳಿಗೆಲ್ಲ ಒಂದು ದಾಖಲೆ ಪುಸ್ತಕವನ್ನಿಟ್ಟಿದ್ದನು. ಅದರ ಕೊನೆಯ ಸಂಖ್ಯೆ 98,721. ಮಕ್ಕಳಿಗೆ ಆತ ಬರೆದ ಕಾಗದಗಳಲ್ಲಿ ಕೆಲವು ಕನ್ನಡಿಯಲ್ಲಿ ಹಿಡಿದು ಓದಬೇಕಾದುವು, ಕೆಲವು ಅಂಚೆಚೀಟಿಯಷ್ಟು ಚಿಕ್ಕವು. ಬಿಯಾಟ್ರಿಕ್ಸ್ ಪಾಟರ್ ಎಂಬಾಕೆ 1893ರ ಸೆಪ್ಟೆಂಬರಿನಲ್ಲಿ ಕಾಯಿಲೆಯಿಂದ ಮಲಗಿದ್ದ ಐದು ವರ್ಷದ ಹುಡುಗನೊಬ್ಬನಿಗೆ ಚಿತ್ರಗಳೊಡನೆ ಮೊಲದ ಕಥೆಯೊಂದನ್ನು ಬರೆದು ಕಳುಹಿಸಿದಳು. ಹುಡುಗ ಆ ಕಾಗದವನ್ನು ಜೋಪಾನವಾಗಿಟ್ಟಿದ್ದನಾದ್ದರಿಂದ ವರ್ಷಗಳ ಮೇಲೆ ಆಕೆ ಅದನ್ನು ಅವನಿಂದ ಎರವಲು ಪಡೆದು ಪುಸ್ತಕ ಮಾಡುವುದು ಸಾಧ್ಯವಾಯಿತು. ಇವರಿಬ್ಬರ ಬಾಲಮಿತ್ರರೂ ಪರಿಚಿತ ಮನೆಗಳ ಮಕ್ಕಳೆಂಬುದನ್ನು ಗಮನಿಸಬೇಕು. ನಮ್ಮಲ್ಲಿಯೂ ಜವಾಹರಲಾಲ ನೆಹರೂ ಅವರು 1928ರಲ್ಲಿ ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಮಗಳಿಗೆ ಬರೆದ ಕಾಗದಗಳು ಪುಸ್ತಕವಾಗಿ ಪ್ರಸಿದ್ಧವಾಗಿವೆ. ಆದರೆ ಅವು ತಂದೆ ಹೇಳಿದ ಪಾಠಗಳು. ಮಗಳು ಏನು ಕೇಳಿದಳೆಂಬುದು ಆ ಪುಸ್ತಕದಲ್ಲಿಲ್ಲ.

ಈಗ ಕಾರಂತರ ವಿಷಯಕ್ಕೆ ಬರೋಣ. ಅವರನ್ನು ಹಾಸ್ಯಲೇಖಕರೆಂದು ಯಾರೂ ಮೊದಲು ನೆನೆಯುವುದಿಲ್ಲ. ‘ಚೋಮನ ದುಡಿ’ಯ ಕರ್ತೃವಿಗೆ ಆ ಬಿರುದು ಒಪ್ಪುವುದೂ ಕಷ್ಟವೇ. ಆದರೂ 1928ರ ‘ದೇವದೂತರು’ ವಿಡಂಬನೆಯ ಕೃತಿ. ‘ಮೈಗಳ್ಳನ ದಿನಚರಿಯಿಂದ’, ‘ಹಳ್ಳಿಯ ಹತ್ತು ಸಮಸ್ತರು’ ಮೊದಲಾದವು ನಗೆಯ ಬರಹಗಳು. ಮಕ್ಕಳಿಗಾಗಿ ಬರೆದ ‘ಢಂ ಢಂ ಡೋಲು’, ‘ಮಂಗನ ಮದುವೆ’, ‘ಮರಿಯಪ್ಪನ ಸಾಹಸಗಳು’ ಎಂಬ ಹೆಸರುಗಳೇ ಒಳಗಿನ ಧಾಟಿಯನ್ನು ಸೂಚಿಸುತ್ತವೆ. ಅವರ ಹಾಸ್ಯಕ್ಕೆ ಒಂದು ವಿಶೇಷ ಲಕ್ಷಣವಿದೆ. ಕ್ಯಾರಲ್ ಮಗುವನ್ನು ನಗಿಸಲು ಲೋಕವನ್ನು ತಲೆಕೆಳಗು ಮಾಡುತ್ತಾನೆ. ಕಾರಂತರು ಲೋಕವನ್ನು ಇದ್ದ ಹಾಗೆಯೇ ಇಟ್ಟು, ಅದನ್ನು ಕುರಿತು ಹಿರಿಯರು ಹೇಳುವ ಬಡಾಯಿಯ ಮಾತುಗಳನ್ನು ತಲೆಕೆಳಗು ಮಾಡುತ್ತಾರೆ. ಈ ಬಗೆಯ ನಗೆ ಪ್ರಶ್ನೋತ್ತರಕ್ಕೆ ಬಹಳ ಒಗ್ಗುವಂಥದು.

1936ರಲ್ಲಿ ಅವರ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಪ್ರಕಟವಾದಾಗ ಕೊಣನೂರು ಮೈಸೂರು ಮಹಾರಾಜರ ಸಂಸ್ಥಾನದಲ್ಲಿಯೂ ಪುತ್ತೂರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ ಇದ್ದುವು. ಎರಡರ ನಡುವೆ ಘಟ್ಟವೊಂದೇ ಅಡ್ಡವಾಗಿರಲಿಲ್ಲ. ಬೇರೆ ಬೇರೆ ವಿದ್ಯಾ ಇಲಾಖೆ, ಬೇರೆ ಬೇರೆ ಪಠ್ಯಪುಸ್ತಕಗಳೂ ಇದ್ದುವು. ಘಟ್ಟದ ಕೆಳಗೆ ಅಚ್ಚಾದ ಮಕ್ಕಳ ವಿಶ್ವಕೋಶ ಘಟ್ಟದ ಮೇಲಿನ ಹೋಬಳಿಯ ಶಾಲೆಗೆ ತಲುಪುವುದು ಆ ಕಾಲದಲ್ಲಿ ಸುಲಭದ ಮಾತಾಗಿರಲಿಲ್ಲ. 1956ರ ನವೆಂಬರ್ 1ರಂದು ಎರಡು ಊರುಗಳೂ ಒಂದೇ ರಾಜ್ಯಕ್ಕೆ ಸೇರಿದುವು. 1979ರಲ್ಲಿ ಹಾಸನದಿಂದ ಪುತ್ತೂರಿನ ಮೇಲೆ ಮಂಗಳೂರಿಗೆ ರೈಲುದಾರಿ ತೆರೆಯಿತು. ಅಷ್ಟರೊಳಗೆ, 1959ರಿಂದ 1964ರವರೆಗೆ, ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಕಾರಂತರು ಒಬ್ಬರೇ ಬರೆದು ಮುಗಿಸಿದ್ದರು. ಒಂದು ವಿದ್ವತ್ಸಭೆ ಮಾಡಬೇಕಾದ ಕೆಲಸ ಒಬ್ಬರಿಂದಾದಾಗ ತಪ್ಪೊಪ್ಪುಗಳು ಇದ್ದೇ ಇರುತ್ತವೆ. ಆದರೆ ಅದರಿಂದ ಒಂದು ಲಾಭವೂ ಆಯಿತು: ಪುಸ್ತಕದ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನನ್ನು ಕೇಳಬಹುದು ಎಂದು ಓದುವ ಮಗುವಿಗೆ ತೋರಿತು. ಸಮಿತಿಗೆ ಯಾವ ಮಗುವೂ ಕಾಗದ ಬರೆಯುವುದಿಲ್ಲ.

ಕಾರಂತರು ತಮಗೆ ಬಂದ ಕಾಗದಗಳಿಗೆ, ಬರೆದವರು ಹಿರಿಯರಿರಲಿ ಕಿರಿಯರಿರಲಿ, ತಡಮಾಡದೆ ಉತ್ತರ ಬರೆಯುತ್ತಿದ್ದುದು ಕನ್ನಡನಾಡಿಗೆಲ್ಲ ತಿಳಿದ ಸಂಗತಿ. ಉತ್ತರ ಸಾಮಾನ್ಯವಾಗಿ ಕಾರ್ಡಿನದು, ನಾಲ್ಕಾರು ಸಾಲಿನದು. ಈ ಖಾಸಗಿ ಪತ್ರವ್ಯವಹಾರಕ್ಕೆ ಸಾರ್ವಜನಿಕ ರೂಪ ಬಂದದ್ದು 1983ರಲ್ಲಿ ಮಣಿಪಾಲದಿಂದ ಹೊರಟ ‘ತರಂಗ’ ವಾರಪತ್ರಿಕೆಯ ‘ಬಾಲವನದಲ್ಲಿ ಕಾರಂತಜ್ಜ’ ಎಂಬ ಅಂಕಣದಲ್ಲಿ. ಮಕ್ಕಳು ಪ್ರಶ್ನೆ ಬರೆದು ಕಳುಹಿಸುವುದು, ಎಂಬತ್ತು ದಾಟಿದ ಅಜ್ಜ ಉತ್ತರಿಸುವುದು. ಇಷ್ಟೇ ಅದರ ಕ್ರಮ. ಆ ದಶಕದಲ್ಲಿ ಕಾರ್ಡಿನ ಬೆಲೆ 15 ಪೈಸೆ.

ಅಂಕಣದ ಹೆಸರನ್ನು ಸ್ವಲ್ಪ ನಿಂತು ನೋಡಬೇಕು. ‘ಬಾಲವನ’ವೆಂಬುದು ಪುತ್ತೂರಿನಲ್ಲಿ ಕಾರಂತರು ಕಟ್ಟಿದ ನೆಲೆ. ಅಲ್ಲಿ ಅವರು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು, ನಾಟಕ ಕುಣಿತಗಳನ್ನು ಆಡಿಸಿದರು, ಮುದ್ರಣಾಲಯವನ್ನಿಟ್ಟು ಕೈಸುಟ್ಟುಕೊಂಡರು. ಅಂಕಣ ಆರಂಭವಾಗುವ ಹೊತ್ತಿಗೆ ಅವರು ಪುತ್ತೂರನ್ನು ಬಿಟ್ಟು ಸಾಲಿಗ್ರಾಮಕ್ಕೆ ಬಂದು ವರ್ಷಗಳಾಗಿದ್ದುವು. ಹಾಗಾದರೆ ಕಾರಂತಜ್ಜ ಇದ್ದದ್ದು ಯಾವ ಬಾಲವನದಲ್ಲಿ? ನೆಲದ ಮೇಲಿನ ಬಾಲವನಕ್ಕೆ ಹೋಗಿ ಆಡಿದವರು ಪುತ್ತೂರಿನ ಸುತ್ತಿನ ಮಕ್ಕಳು. ಅಚ್ಚಿನ ಪುಟದ ಬಾಲವನಕ್ಕೆ ಕೊಣನೂರು, ರಾಮನಾಥಪುರ, ಹೊಳೆನರಸೀಪುರದ ಮಕ್ಕಳೂ ಕಾಲಿಡಬಹುದಾಗಿತ್ತು. ಶಾಲೆಯಾಗಿ ಉಳಿಯದೆ ಹೋದ ಒಂದು ಪ್ರಯೋಗ ಐವತ್ತು ವರ್ಷಗಳ ಮೇಲೆ ಅಂಚೆಯ ಮೂಲಕ ಮರುಹುಟ್ಟು ಪಡೆಯಿತೆಂದು ನಾವು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಇನ್ನು ‘ಅಜ್ಜ’ ಎಂಬ ಸಂಬೋಧನೆ. ನಮ್ಮ ಶಾಲೆಗಳಲ್ಲಿ ಪ್ರಶ್ನೆ ಕೇಳುವವರು ಮೇಷ್ಟರು, ಉತ್ತರ ಹೇಳುವವರು ಮಕ್ಕಳು. ಬಹುಮಟ್ಟಿಗೆ ಮನೆಯಲ್ಲಿಯೂ ತಂದೆಯ ಮುಂದೆ ಇದೇ ಕ್ರಮ. ಪ್ರಶ್ನಿಸುವ ಸಲಿಗೆ ಮಗುವಿಗಿರುವುದು ಅಜ್ಜ ಅಜ್ಜಿಯರ ಬಳಿ ಮಾತ್ರ. ಆದ್ದರಿಂದ ಜ್ಞಾನಪೀಠ ಪ್ರಶಸ್ತಿ ಪಡೆದ ಗ್ರಂಥಕರ್ತರನ್ನು ಮಗು ‘ಮಾನ್ಯರೇ’ ಎಂದು ಕರೆದಿದ್ದರೆ ಅದರ ಪ್ರಶ್ನೆ ಒಂದು ಬಗೆಯದಾಗುತ್ತಿತ್ತು. ‘ಅಜ್ಜ’ ಎಂದು ಕರೆದುದರಿಂದ ಇನ್ನೊಂದು ಬಗೆಯದಾಯಿತು. ಇದು ಕಾರಂತರಿಗೆ ಹೊಸ ಪಾತ್ರವೂ ಅಲ್ಲ. 1968ರಲ್ಲಿ ಪ್ರಕಟವಾದ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಕಟ್ಟೋಣವೆಲ್ಲ ಮೊಮ್ಮಗ ಸುಬ್ಬರಾಯನ ಪ್ರಶ್ನೆಗಳ ಮೇಲೂ ಅಜ್ಜಿಯ ಉತ್ತರಗಳ ಮೇಲೂ ನಿಂತಿದೆ. ದೇವರು, ಸಾವು, ಇತಿಹಾಸ ಏನೇ ಇರಲಿ, ಮೊಮ್ಮಗ ಕೇಳಲು ಅಂಜುವುದಿಲ್ಲ, ಅಜ್ಜಿ ಹೇಳಲು ಅಂಜುವುದಿಲ್ಲ. ಕಾದಂಬರಿಯಲ್ಲಿ ಅಜ್ಜಿಯನ್ನು ಕಲ್ಪಿಸಿದ ಲೇಖಕರು ಹದಿನೈದು ವರ್ಷಗಳ ಮೇಲೆ ಸ್ವತಃ ನಾಡಿನ ಮಕ್ಕಳ ಅಜ್ಜನಾಗಿ ಕುಳಿತರು. ಸುಬ್ಬರಾಯನ ಸ್ಥಾನದಲ್ಲಿ ಈಗ ಹೆಸರು, ತರಗತಿ, ಊರು ಇರುವ ನಿಜವಾದ ಮಕ್ಕಳಿದ್ದರು. ಮೂಕಜ್ಜಿಯನ್ನು ಕುರಿತು ಬಂದಿರುವ ವಿಮರ್ಶೆಯ ರಾಶಿಯಲ್ಲಿ ಈ ಅಂಕಣದ ಪ್ರಸ್ತಾಪಕ್ಕೆ ತಕ್ಕ ಸ್ಥಳ ಸಿಗಬೇಕಾಗಿತ್ತೆಂದು ನಮಗೆ ತೋರುತ್ತದೆ.

ಆದರೆ ಈ ಸಾಮಗ್ರಿಯನ್ನು ಬಳಸುವ ವಿದ್ಯಾರ್ಥಿ ಎಚ್ಚರಿಕೆಯಿಂದಿರಬೇಕು. ವಾರಪತ್ರಿಕೆಯ ಪುಟ ಅಳತೆಯುಳ್ಳದ್ದು. ಬಂದ ಪ್ರಶ್ನೆಗಳೆಲ್ಲ ಅದರಲ್ಲಿ ಹಿಡಿಸುವಂತಿಲ್ಲ. ಮಗುವಿನ ಕಾರ್ಡಿಗೂ ಅಚ್ಚಾದ ಪ್ರಶ್ನೆಗೂ ನಡುವೆ ಸಂಪಾದಕರ ಮೇಜೊಂದಿದೆ. ತಪ್ಪಕ್ಷರ ಅಲ್ಲಿ ತಿದ್ದಿಹೋಗುತ್ತದೆ. ಅಡ್ಡಾದಿಡ್ಡಿ ಮಾತು ನೇರವಾಗುತ್ತದೆ. ಚರಿತ್ರಕಾರನಿಗೆ ಬೇಕಾದದ್ದು ಆ ತಪ್ಪಕ್ಷರವೇ. ಮತ್ತೊಂದು ಅಂಶ: ವಾರಪತ್ರಿಕೆ ಬರುವ ಮನೆ ಹೋಬಳಿಯ ಊರಿನಲ್ಲಿ ಎಲ್ಲರದೂ ಅಲ್ಲ. ದನ ಮೇಯಿಸಲು ಹೋದ ಹುಡುಗನ ಪ್ರಶ್ನೆ, ತಂಗಿಯನ್ನು ಎತ್ತಿಕೊಂಡು ಶಾಲೆ ಬಿಟ್ಟ ಹುಡುಗಿಯ ಪ್ರಶ್ನೆ ಅಂಚೆಯ ಡಬ್ಬಿಯವರೆಗೆ ಬರಲಿಲ್ಲ. ‘ಚೋಮನ ದುಡಿ’ಯನ್ನು ಬರೆದವರಿಗೆ ಚೋಮನ ಮನೆಯ ಮಕ್ಕಳಿಂದ ಎಷ್ಟು ಕಾರ್ಡುಗಳು ಬಂದಾವು ಎಂದು ಕೇಳಿಕೊಳ್ಳದೆ ಈ ಅಂಕಣವನ್ನು ‘ಕನ್ನಡ ಮಕ್ಕಳ ಧ್ವನಿ’ ಎಂದು ಕರೆಯುವುದು ಸರಿಯಲ್ಲ.

ಹೀಗಿದ್ದರೂ ಅಚ್ಚಾದ ಪ್ರತಿಯೊಂದು ಪ್ರಶ್ನೆಯ ಕೆಳಗೆ ಬರುವ ಊರಿನ ಹೆಸರು ಬಹಳ ಬೆಲೆಯುಳ್ಳದ್ದು. ಅವುಗಳನ್ನು ಜಿಲ್ಲೆವಾರು, ತಾಲ್ಲೂಕುವಾರು ಪಟ್ಟಿ ಮಾಡಿದರೆ ಏಕೀಕರಣದ ಮೂರು ದಶಕಗಳ ಮೇಲೆ ಕರಾವಳಿಯ ಪತ್ರಿಕೆಯೊಂದು ಘಟ್ಟದ ಮೇಲೆ ಎಲ್ಲೆಲ್ಲಿಗೆ ತಲುಪಿತ್ತು, ಅದನ್ನು ಓದಿದ ಮಕ್ಕಳು ಯಾವ ತರಗತಿಯವರು ಎಂಬುದನ್ನು ಗೊತ್ತುಮಾಡಬಹುದು. ಪತ್ರಿಕೆಗಳ ಮಾರಾಟದ ಲೆಕ್ಕದಿಂದ ಇದು ತಿಳಿಯುವುದಿಲ್ಲ. ಪ್ರಶ್ನೆಗಳ ವಸ್ತುವನ್ನು ಅದೇ ಕಾಲದ ಪಠ್ಯಪುಸ್ತಕಗಳೊಡನೆ ಹೋಲಿಸಿದರೆ ಶಾಲೆ ಎಲ್ಲಿ ಉತ್ತರ ಕೊಡದೆ ಬಿಟ್ಟಿತೆಂಬುದೂ ಹೊರಬೀಳುತ್ತದೆ. ಕಾರಂತರ ಬಿಡಿ ಲೇಖನಗಳನ್ನು ಮಾಲಿನಿ ಮಲ್ಯರು ಅನೇಕ ಸಂಪುಟಗಳಲ್ಲಿ ಸಂಗ್ರಹಿಸಿ ಮಹದುಪಕಾರ ಮಾಡಿದ್ದಾರೆ. ಆದರೆ ಪತ್ರದ ಇನ್ನೊಂದು ತುದಿಯನ್ನು ಸಂಗ್ರಹಿಸುವ ಕೆಲಸ ಆಯಾ ಊರಿನ ಕಾಲೇಜುಗಳ ಅಧ್ಯಾಪಕ ವಿದ್ಯಾರ್ಥಿಗಳದು. ಸಾಲಿಗ್ರಾಮದಲ್ಲಿ ಕುಳಿತು ಅದನ್ನು ಮಾಡಲಾಗದು.

ಹುಡುಕಬೇಕಾದ ಸ್ಥಳ ಯಾವುದೆಂದರೆ, ಹಳೆಯ ಮನೆಗಳ ಪಡಸಾಲೆಯ ಮೊಳೆಗೆ ನೇತುಹಾಕಿದ, ಬಂದ ಕಾಗದಗಳನ್ನೆಲ್ಲ ಚುಚ್ಚಿಡುವ ಕೊಕ್ಕೆಯ ತಂತಿ. ಕಂದಾಯದ ರಸೀತಿ, ಮದುವೆಯ ಕರೆಯೋಲೆ, ಅಳಿಯನ ಕ್ಷೇಮಸಮಾಚಾರಗಳ ನಡುವೆ ಅಜ್ಜನ ಕಾರ್ಡೂ ಅದರಲ್ಲಿ ಸಿಕ್ಕಿಕೊಂಡಿರಬಹುದು. ತಂತಿ ತುಕ್ಕು ಹಿಡಿದಿದ್ದರೆ ಕಾರ್ಡುಗಳನ್ನು ಮೇಲಕ್ಕೆ ಎಳೆಯದೆ ತಂತಿಯನ್ನೇ ಕತ್ತರಿಸಿ ಕೆಳಗಿನಿಂದ ಬಿಡಿಸಿಕೊಳ್ಳಬೇಕು. ಇಲ್ಲವಾದರೆ ತೂತಿನ ಸುತ್ತಲಿನ ಅಕ್ಷರಗಳು ಹರಿದುಹೋಗುತ್ತವೆ. ಮಕ್ಕಳು ತಾರೀಕು ಬರೆಯುವುದನ್ನು ಮರೆಯುತ್ತಾರೆ. ಕಾರ್ಡಿನ ಕಾಲನಿರ್ಣಯಕ್ಕೆ ಅಂಚೆಯ ಗುಂಡು ಮೊಹರೇ ಆಧಾರ. ಹೊರಟ ಊರಿನ ಮೊಹರು ಒಂದು, ಬಟವಾಡೆಯ ಊರಿನದು ಮತ್ತೊಂದು. ಎರಡೂ ಸ್ಪಷ್ಟವಾಗಿದ್ದರೆ ಪ್ರಶ್ನೆಗೆ ಉತ್ತರ ಘಟ್ಟ ಹತ್ತಿ ಬರಲು ಎಷ್ಟು ದಿನ ಹಿಡಿಯಿತೆಂಬುದನ್ನೂ ಲೆಕ್ಕ ಹಾಕಬಹುದು.